ಸುತ್ತಿಗೆ ಎದ್ದ ಮೇಲೆ ಬಂದ ಸದ್ದು

ಹೊದಿಕೆಯ ಎರಡು ಮೂಲೆ ಅಜ್ಜಿಯ ಕೈಯಲ್ಲಿ, ಇನ್ನೆರಡು ಮೂಲೆ ಮೊಮ್ಮಗಳ ಕೈಯಲ್ಲಿ. ಅಜ್ಜಿ ಒಂದು ಮಡಿಕೆ ಹಾಕುವಷ್ಟರಲ್ಲಿ ಅವಳು ಎರಡು ಹಾಕಿ, ಓಡಿಬಂದು ತನ್ನ ತುದಿಯನ್ನು ಅಜ್ಜಿಯ ಕೈಗೆ ತುರುಕಿದಳು. ಹೊದಿಕೆ ಸೊಟ್ಟಗಾಯಿತು.

ಬಿಚ್ಚಿ ಮತ್ತೆ ಮಡಿಸೋಣ ಎಂದರು ಅಜ್ಜಿ. ಈ ಹುಡುಗಿಗೆ ಮನೆಯಲ್ಲಿ ಎಕ್ಸ್‌ಪ್ರೆಸ್ ಎಂದೇ ಹೆಸರು.

ಅಷ್ಟರಲ್ಲಿ ಒಳಕೋಣೆಯಿಂದ ಚಿಕ್ಕಪ್ಪನ ದನಿ ಬಂತು. "ಅಮ್ಮಾ, ಅಪ್ಪ ಬಂದ್ರು ನೋಡು."

ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವರು ಈಗ ಬಂದದ್ದು ಕಂಪ್ಯೂಟರಿಗೆ.

ಅಜ್ಜ ಬಡಗಿ. ಹಿಂದೊಮ್ಮೆ ಟಿವಿಯವರು ಅವರನ್ನು ಕರೆಸಿ, ಪುಟ್ಟ ಸ್ಟೂಲ್ ಮಾಡುವುದು ಹೇಗೆಂದು ಮಕ್ಕಳಿಗೆ ತೋರಿಸಿದ್ದರು. ಅದನ್ನು ಮನೆಯಲ್ಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ ಇಟ್ಟಿದ್ದರು. ಚಿಕ್ಕಪ್ಪ ಎಲ್ಲಿಂದಲೋ ಹಳೆಯ ವಿಸಿಆರ್ ತಂದು, ಕಂಪ್ಯೂಟರಿಗೆ ವೈರ್ ಜೋಡಿಸಿ, ಕ್ಯಾಸೆಟ್ಟನ್ನು ಫೈಲ್ ಮಾಡಿದ್ದರು. ಒಂದು ಸಲ ಓಡಿದ್ದೇ ತಡ, ಟೇಪು ಒಳಗೆ ಸಿಕ್ಕಿಕೊಂಡು ಚೂರುಚೂರಾಯಿತು. ಇನ್ನು ಉಳಿದದ್ದು ಕಂಪ್ಯೂಟರಿನೊಳಗಿನ ಅಜ್ಜ ಮಾತ್ರ.

ಎಕ್ಸ್‌ಪ್ರೆಸ್ ಅಜ್ಜನನ್ನು ನೋಡಿದ್ದು ಫೋಟೊದಲ್ಲಷ್ಟೇ. ಆ ಅಜ್ಜ ಉಸಿರು ಬಿಗಿಹಿಡಿದು ಕೂತಿದ್ದರು. ಈ ಅಜ್ಜ ಕಣ್ಣು ಮಿಟುಕಿಸಿದರು, ಮೂಗು ತುರಿಸಿಕೊಂಡರು. ಅವಳು ಬಾಯಿ ಬಿಟ್ಟುಕೊಂಡು ಪುಟ್ಟ ಸ್ಟೂಲಿನ ಮೇಲೆ ಕುಳಿತಳು.

ಆದರೆ ಸುತ್ತಿಗೆ ಮೊಳೆಯ ಮೇಲೆ ಬಿದ್ದಾಗ ಸದ್ದಿಲ್ಲ. ಮೇಲೆದ್ದಾಗ ಟಕ್ ಎಂದಿತು. ಅಜ್ಜ ಬಾಯಿ ಮುಚ್ಚಿದ ಮೇಲೆ ಮಾತು ಬಂತು.

"ಬದುಕಿದ್ದಾಗಲೂ ಹೀಗೇ," ಎಂದರು ಅಜ್ಜಿ. "ಊಟಕ್ಕೆ ಕರೆದ್ರೆ ತಟ್ಟೆ ತಣ್ಣಗಾದ ಮೇಲೆ ಬರೋರು."

ನಗುತ್ತಲೇ ಅಜ್ಜಿ ಕಪಾಟಿನ ಕಡೆ ನೋಡಿದರು. ಈ ವಿಡಿಯೊ ಕಳಿಸುತ್ತೇನೆಂದು ದೂರದ ಊರಿನಲ್ಲಿದ್ದ ಅಜ್ಜನ ತಂಗಿಗೆ ಅವರು ಮಾತು ಕೊಟ್ಟು ಬಹಳ ಕಾಲವಾಗಿತ್ತು. ಜೊತೆಗಿಡುವ ಕಾಗದವನ್ನೂ ಬರೆದು, ಲಕೋಟೆಗೆ ಅಂಟು ಹಚ್ಚದೆ ಕಪಾಟಿನಲ್ಲಿ ಇಟ್ಟುಕೊಂಡಿದ್ದರು.

"ಬಾಯಿ ಒಂದು ಕಡೆ, ಮಾತು ಒಂದು ಕಡೆ ಇರೋ ಅಣ್ಣನ್ನ ಅವಳಿಗೆ ಹೇಗೆ ಕಳಿಸ್ಲಿ?"

ಸ್ಕ್ರೀನಿನಲ್ಲಿ ಮೇಲೆ ಚಿತ್ರದ ಪಟ್ಟಿಯಿತ್ತು, ಕೆಳಗೆ ಸದ್ದಿನ ಪಟ್ಟಿ. ಟಕ್ ಎಂದ ಕಡೆಯೆಲ್ಲ ಸದ್ದು ಗುಡ್ಡದ ಹಾಗೆ ಎದ್ದಿತ್ತು. ಚಿಕ್ಕಪ್ಪ ಸದ್ದಿನ ಪಟ್ಟಿಯನ್ನು ಇಡಿಯಾಗಿ ಹಿಂದಕ್ಕೆ ಎಳೆದರು. ಕೊನೆಯ ಭಾಗ ಸರಿಹೋಯಿತು, ಮೊದಲಿನದು ಕೆಟ್ಟಿತು. ಗಿಡ್ಡ ಹೊದಿಕೆ ಹೊದ್ದ ಹಾಗೆ: ಕಾಲು ಮುಚ್ಚಿದರೆ ತಲೆ ಹೊರಗೆ. ಬೇಸತ್ತ ಚಿಕ್ಕಪ್ಪ, ಅಲ್ಲಲ್ಲಿ ಒಂದಿಷ್ಟು ಸದ್ದು ಕತ್ತರಿಸಿ ಹೊಂದಿಸುತ್ತೇನೆ ಎಂದರು.

"ಬೇಡಪ್ಪ," ಎಂದರು ಅಜ್ಜಿ. "ಅವರು ಮಾತಾಡ್ತಿದ್ದದ್ದೇ ಕಮ್ಮಿ."

ಚಿಕ್ಕಪ್ಪ ಕಾಫಿಗೆ ಎದ್ದುಹೋದರು. ಎಕ್ಸ್‌ಪ್ರೆಸ್ ಪಟ್ಟಿಯನ್ನು ಮೊದಲಿದ್ದ ಹಾಗೇ ಇಟ್ಟು, ಆರಂಭದಿಂದ ನೋಡತೊಡಗಿದಳು. ಕಣ್ಣು ಸುತ್ತಿಗೆಯ ಮೇಲೆ. ಟಕ್, ಟಕ್, ಎಲ್ಲ ಸರಿಯಾಗಿಯೇ ಇತ್ತು. ಸ್ಕ್ರೀನಿನ ಮೇಲೊಂದು ಬಿಳಿಗೆರೆ ಸರ್ರನೆ ಹಾದುಹೋಯಿತು. ಆಮೇಲೆ ಟಕ್ ಸ್ವಲ್ಪ ಹಿಂದೆ ಬಿತ್ತು. ಇನ್ನೊಂದು ಗೆರೆ ಬಂದಾಗ ಇನ್ನಷ್ಟು.

ಅವಳು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದಳು. ಗೆರೆಗೆ ಮುಂಚೆ ಸುತ್ತಿಗೆ ಅಜ್ಜನ ಕಿವಿಯ ಎತ್ತರದಲ್ಲಿತ್ತು. ಮರುಚಿತ್ರದಲ್ಲಿ ಆಗಲೇ ಮೊಳೆಯ ಮೇಲಿತ್ತು. ಕೆಳಗೆ ಇಳಿದುಬರುವ ಚಿತ್ರಗಳೇ ಇರಲಿಲ್ಲ. ಟೇಪು ಸವೆದ ಕಡೆ ಕಂಪ್ಯೂಟರ್ ಚಿತ್ರಗಳನ್ನು ಬಿಟ್ಟಿತ್ತು, ಸದ್ದನ್ನು ಬಿಟ್ಟಿರಲಿಲ್ಲ.

"ಚಿಕ್ಕಪ್ಪಾ, ಸದ್ದು ಲೇಟಾಗಿಲ್ಲ. ಚಿತ್ರಾನೇ ಜಂಪ್ ಮಾಡಿ ಮುಂದೆ ಓಡಿದೆ."

"ನಿನ್ನ ಹಾಗೆ," ಎಂದರು ಕಾಫಿ ಹಿಡಿದು ಬಂದ ಚಿಕ್ಕಪ್ಪ. ಆಮೇಲೆ ಲೋಟ ಕೆಳಗಿಟ್ಟು, ಬಗ್ಗಿ ನೋಡಿದರು. "ಹಾಗಾದ್ರೆ ಏನ್ಮಾಡೋಣ?"

"ಗೆರೆ ಬಂದಲ್ಲೆಲ್ಲ ಚಿತ್ರ ಸ್ವಲ್ಪ ನಿಲ್ಲಲಿ. ಸದ್ದು ಬರೋವರೆಗೆ."

ಪ್ರತಿ ಗೆರೆಯ ಹತ್ತಿರವೂ ಚಿಕ್ಕಪ್ಪ ಚಿತ್ರವನ್ನು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ತಡೆದು ನಿಲ್ಲಿಸಿದರು. ಸುತ್ತಿಗೆ ಸದ್ದಿನ ಗುಡ್ಡದ ನೇರಕ್ಕೆ ಬಂದಾಗ ಅವಳು 'ಸಾಕು' ಎನ್ನುತ್ತಿದ್ದಳು. ಚಿಕ್ಕಪ್ಪನ ಕಾಫಿ ತಣ್ಣಗಾಯಿತು. ಎಕ್ಸ್‌ಪ್ರೆಸ್ ಕೂತಲ್ಲಿಂದ ಏಳಲಿಲ್ಲ.

ಕೊನೆಗೆ ಅಜ್ಜಿಯನ್ನು ಕರೆದರು. ಸುತ್ತಿಗೆ ಬಿತ್ತು. ಟಕ್. ಅಜ್ಜ ತುಟಿ ತೆರೆದರು, ಮಾತು ಅಲ್ಲಿಂದಲೇ ಬಂತು. ಅಜ್ಜ ಸ್ಟೂಲನ್ನು ನೆಲದ ಮೇಲಿಟ್ಟು, ನೇರವಾಗಿ ಎಕ್ಸ್‌ಪ್ರೆಸ್ ಕಡೆಗೇ ನೋಡಿದರು.

"ಕೂತು ನೋಡಿ ಮಕ್ಕಳೇ. ಅಲ್ಲಾಡಿದ್ರೆ ಹೇಳಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀನು ಕೂತಿರೋದು ಯಾವುದರ ಮೇಲೆ ಅಂದ್ಕೊಂಡೆ?"

ಅವಳು ಸ್ಟೂಲಿನ ಅಂಚಿನಲ್ಲಿ ಬೆರಳಾಡಿಸಿದಳು. ಮೊಳೆಯ ತಲೆ ತಣ್ಣಗೆ ಸಿಕ್ಕಿತು.

"ಅಲ್ಲಾಡಲ್ಲ, ಅಜ್ಜ," ಎಂದು ಮೆಲ್ಲಗೆ ಹೇಳಿದಳು.

ಅಜ್ಜಿ ಕಪಾಟಿನಿಂದ ಲಕೋಟೆ ತೆಗೆದು, ಕಾಗದದ ಜೊತೆ ಪೆನ್‌ಡ್ರೈವ್ ಇಟ್ಟು, ಅಂಟು ಹಚ್ಚಿ ಒತ್ತಿದರು. ಎಕ್ಸ್‌ಪ್ರೆಸ್ ಅದನ್ನು ಹಿಡಿದು ಬೀದಿಯಲ್ಲಿ ಓಡಿದಳು. ಅಂಚೆ ಡಬ್ಬದ ಬಾಯಿಗೆ ಲಕೋಟೆಯ ತುದಿ ಇಟ್ಟು, ಹಿಂದಿರುಗಿ ನೋಡಿದಳು. ಅಜ್ಜಿ ಇನ್ನೂ ದರ್ಜಿ ಅಂಗಡಿಯ ಹತ್ತಿರ ಮೆಲ್ಲಗೆ ಬರುತ್ತಿದ್ದರು.

ಅವಳು ಕೈ ಇಳಿಸಿ ನಿಂತುಕೊಂಡಳು.

ಅಜ್ಜಿ ಬಂದರು. ಒಂದು ಮೂಲೆಯನ್ನು ಅಜ್ಜಿ ಹಿಡಿದರು, ಒಂದನ್ನು ಅವಳು. ಇಬ್ಬರೂ ಒಟ್ಟಿಗೆ ಬಿಟ್ಟರು. ಒಳಗೆ ಟಪ್ ಎಂದಿತು.