ಡಬ್ಬಿಯ ಮೇಲಿನ ಮೂವತ್ತೊಂದು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಗದ್ದೆಮ್ಮ ಸಿಂಧನೂರಿನ ಠಾಣೆಗೆ ಬಂದಾಗ ಪಿಎಸ್‌ಐ ಸುಕನ್ಯಾ ಜೀಪು ಹತ್ತುತ್ತಿದ್ದರು. ಗದ್ದೆಮ್ಮ ಒಳಗೆ ಹೋಗಲಿಲ್ಲ. ಜೀಪಿನ ಮುಂದೆಯೇ ನಿಂತುಬಿಟ್ಟಳು.

"ಸರಿ ಯವ್ವಾ, ಗಾಡಿ ಹೊಂಟೈತಿ," ಎಂದ ಹೆಡ್ ಕಾನ್‌ಸ್ಟೆಬಲ್ ಮಸ್ತಾನಸಾಬ.

"ನನ್ ಗಂಡ ಕೂಗೇ ಇಲ್ಲಂತ್ರೀ. ಕಾಲು ಮಶೀನಿನ್ಯಾಗ ಹೋಗಾಕತ್ತಾಗ ಮನಷ್ಯಾ ಸುಮ್ನ ಇರ್ತಾನೇನು?"

ಸುಕನ್ಯಾ ಜೀಪಿನಿಂದ ಇಳಿದರು.

ದೂರು ಹೀಗಿತ್ತು. ಗದ್ದೆಮ್ಮಳ ಗಂಡ ಗಾಳೆಪ್ಪ ದಢೇಸುಗೂರು ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಮೆಕ್ಯಾನಿಕ್. ಸೋಮವಾರ ಮಧ್ಯಾಹ್ನ ಚಹಾ ಬಿಡುವಿನಲ್ಲಿ ಮಿಲ್ಲು ನಿಂತಿದ್ದಾಗ ಅವನು ಎಲಿವೇಟರಿನ ಗುಂಡಿಗೆ ಇಳಿದಿದ್ದ. ಬಕೆಟುಗಳನ್ನು ಕಟ್ಟಿದ ಉದ್ದನೆಯ ಪಟ್ಟೆ ನೆಲದಡಿಯ ಭತ್ತವನ್ನು ಮೇಲಕ್ಕೆ ಎತ್ತುವುದು ಅಲ್ಲಿಂದಲೇ. ಬಿಡುವು ಮುಗಿದ ಕೂಡಲೇ ಆಪರೇಟರ್ ರಾಜೇಶ ಎಲಿವೇಟರ್ ಚಾಲೂ ಮಾಡಿದ. ಗಾಳೆಪ್ಪನ ಬಲಗಾಲು ಪಟ್ಟೆಗೆ ಸಿಕ್ಕಿತು. ವೈದ್ಯರು ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು.

"ನಾ ಚೀರಿದೆ, ಮತ್ ಮತ್ ಚೀರಿದೆ ಅಂತಾನ್ರೀ ನನ್ ಗಂಡ. ಗ್ವಾಡಿ ಹೊರಗ ಹೊಟ್ಟು ಬಳಿಯೋ ಲಾಲ್‌ಬೀಗೆ ಕೇಳಿಸೈತಿ. ಸ್ವಿಚ್ ಮುಂದ ನಿಂತ ರಾಜೇಶಗ ಕೇಳಿಸಿಲ್ಲಂತ. ಮಾಲೀಕರು, ಹೇಳದ ಇಳಿದವನು ಅವನು, ತಪ್ಪು ಅವಂದಽ ಅಂತಾರ. ಕಾಲು ಕಳಕೊಂಡಾವನ್ನ ಸುಳ್ಳಾ ಅಂತ ಮಾಡಾಕತ್ತಾರ್ರೀ."

ಆಮೇಲೆ ದನಿ ತಗ್ಗಿಸಿ ಹೇಳಿದಳು: "ಇವತ್ತೂ ಆ ಸ್ವಿಚ್ ಮುಂದ ಅವನಽ ನಿಂತಾನ. ಗುಂಡಿಗೆ ಬ್ಯಾರೆ ಹುಡುಗ ಇಳಿಯಾಕತ್ತಾನ."

ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ಎಂಬ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಹನ್ನೆರಡು ಗಂಟೆಗೆ ಸುಕನ್ಯಾ ಮಿಲ್ಲಿನಲ್ಲಿದ್ದರು.

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಸ್ವಿಚ್ ಬೋರ್ಡಿನಿಂದ ಗುಂಡಿಗೆ ಒಂದು ಲಾರಿಯಷ್ಟು ದೂರವೂ ಇರಲಿಲ್ಲ. ಆದರೆ ಬೋರ್ಡಿನ ಮುಂದೆ ನಿಂತವನ ಬೆನ್ನು ಗುಂಡಿಯ ಕಡೆಗೆ ಇರುತ್ತಿತ್ತು. ಕಾಣುವುದು ಸಾಧ್ಯವಿರಲಿಲ್ಲ. ಉಳಿದದ್ದು ಕೇಳುವುದು ಮಾತ್ರ.

ಲಾಲ್‌ಬೀ ಪೊರಕೆ ಹಿಡಿದುಕೊಂಡೇ ಹೇಳಿಕೆ ಕೊಟ್ಟಳು. "'ಬಂದ್ ಮಾಡೋ' ಅಂತ ಕೇಳಸ್ತು. ಒಳಗ ಓಡಿ ಬಂದೆ. ರಾಜೇಶ ಹಂಗಽ ನಿಂತಿದ್ದ, ಕಂಬ ನಿಂತಂಗ. ಇದಽ ಬಾರಿಗಿಲೆ ಬೆನ್ನಿಗೆ ಹೊಡೆದೆ ನೋಡ್ರೀ, ಆಗ ಬಂದ್ ಮಾಡಿದ."

"ಆಮ್ಯಾಲ?"

"ನೀರು ತರಾಕ ಓಡಿದೆ. ತಿರುಗಿ ಬರೂದ್ರಾಗ ಯಾರೋ ಕಾಲಿಗೆ ಅರಿವಿ ಬಿಗಿದಿದ್ರು. ಮಂದಿ ಕೂಡಿತ್ತು."

ರಾಜೇಶನಿಗೆ ಇಪ್ಪತ್ತೇಳು ವರ್ಷ, ಮಸ್ಕಿಯವನು. ಕೈ ಕಟ್ಟಿಕೊಂಡು ನೆಲ ನೋಡುತ್ತ ನಿಂತ.

"ಕೂಗಿದ್ದು ಕೇಳಲಿಲ್ಲ?"

"ಇಲ್ರೀ. ಕಿವಿಗೆ ಹೆಡ್‌ಫೋನ್ ಇತ್ತು."

ಅವನು ಹೇಳಿದ್ದು ಮಿಲ್ಲಿನ ಸದ್ದಿಗೆ ಕಿವಿ ಕೆಡದಿರಲೆಂದು ಹಾಕುವ ಇಯರ್‌ಮಫ್. ಹಾಡು ಕೇಳುವ ಹೆಡ್‌ಫೋನಿನಂತೆಯೇ ಎರಡು ದಪ್ಪ ಬಟ್ಟಲು, ನಡುವೆ ಕಮಾನು. ಮಾಲೀಕ ಗಂಗಾಧರ ಓಡಿಹೋಗಿ ಅದರ ಖಾಲಿ ಡಬ್ಬಿ ತಂದರು.

"ನೋಡ್ರೀ ಮೇಡಂ, ಇಲ್ಲೇ ಬರದೈತಿ. ಮೂವತ್ತೊಂದು ಡೆಸಿಬೆಲ್ ಸದ್ದು ಕಡಿಮಿ ಮಾಡ್ತೈತಂತ. ಎಲ್ಲಾರಿಗೂ ಕೊಡಿಸೀನಿ. ಹುಡುಗ ಏನು ಮಾಡ್ಯಾನು? ಅವನ ಕಿವಿ ಮುಚ್ಚಿತ್ತು."

ಸುಕನ್ಯಾ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇಷ್ಟು ದೊಡ್ಡ ಅಕ್ಷರದ ಸಂಖ್ಯೆಯ ಎದುರು ಹೊಟ್ಟು ಬಳಿಯುವವಳ ಮಾತು ಯಾವ ಕೋರ್ಟಿನಲ್ಲಿ ನಿಲ್ಲುತ್ತದೆ?

"ಪರೀಕ್ಷೆ ಮಾಡೋಣ," ಎಂದರು. "ಮಸ್ತಾನಸಾಬ್, ಹಾಕ್ಕೊಳ್ರಿ."

ಮಸ್ತಾನಸಾಬ ಟೋಪಿ ತೆಗೆದ. ಅವನ ತಲೆ ಪೂರ್ತಿ ಬೋಳು. ಇಯರ್‌ಮಫ್ ಕಿವಿಯ ಸುತ್ತ ಗಟ್ಟಿಯಾಗಿ ಅಂಟಿ ಕುಳಿತಿತು. ಅವನು ಬೋರ್ಡಿನ ಎದುರು ನಿಂತ. ಸೋಮವಾರದಂತೆಯೇ ಎಲಿವೇಟರ್ ಒಂದನ್ನೇ ಚಾಲೂ ಮಾಡಿದರು. ಸುಕನ್ಯಾ ಗುಂಡಿಯ ಬಾಯಿಗೆ ಹೋಗಿ ಗಂಟಲು ಕಿತ್ತು ಬರುವಂತೆ ಕೂಗಿದರು: "ಬಂದ್ ಮಾಡೋ!"

ಮಸ್ತಾನಸಾಬ ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದರು. ಅವನು ಬೋರ್ಡಿನ ಮೇಲೆ ಕುಳಿತ ನೊಣ ನೋಡುತ್ತ ನಿಂತಿದ್ದ.

ಗಂಗಾಧರ ನಿಟ್ಟುಸಿರು ಬಿಟ್ಟರು. ರಾಜೇಶನ ಭುಜ ಸಡಿಲವಾಯಿತು. ಅದನ್ನೂ ಸುಕನ್ಯಾ ಗಮನಿಸಿದರು. ಡಬ್ಬಿ ಗೆದ್ದಿತ್ತು. ಗದ್ದೆಮ್ಮ ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಹೊರಡುವ ಮುನ್ನ ಸುಕನ್ಯಾ, ಮಿಲ್ಲಿನ ಮಂದಿಯಿಂದ ಕಿವಿಗೆ ಬಿದ್ದಿದ್ದ ಮಾತನ್ನು ಕೊನೆಯ ಪ್ರಶ್ನೆ ಎಂಬಂತೆ ಕೇಳಿದರು: "ರಾಜೇಶ, ಇಲ್ಲಿ ನಿನ್ನ ಕೆಪ್ಪ ಅಂತ ಕರೀತಾರಂತಲ್ಲ. ಕಿವಿ ಮಂದ ಐತೇನು?"

ಹೌದು ಎಂದಿದ್ದರೆ ಅವನಿಗೆ ಇನ್ನೊಂದು ಆಸರೆ ಸಿಗುತ್ತಿತ್ತು. ಆದರೆ ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು.

"ಯಾರ್ರೀ ಅಂದಾವ್ರು? ನನ್ ಕಿವಿ ಚೊಲೋ ಅದಾವ! ಲಿಂಗಸುಗೂರು ದವಾಖಾನ್ಯಾಗ ಟೆಸ್ಟ್ ಮಾಡಿಸೀನಿ, ಎರಡೂ ಕಿವಿ ಚೊಲೋ ಅಂದಾರ. ಕೆಪ್ಪ ಅಂದಾವ್ರಽ ಕೆಪ್ಪರು!"

ಕಾಲು ಹೋದ ವಿಷಯಕ್ಕೆ ಬಾರದ ಸಿಟ್ಟು ಈ ಮಾತಿಗೆ ಬಂದಿತ್ತು.

ಅಷ್ಟರಲ್ಲಿ ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಹಮಾಲರು, ಆಪರೇಟರುಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಭತ್ತದ ಧೂಳು ಮೈಗೆ ತಾಗಿದರೆ ತುರಿಕೆ. ಅದಕ್ಕೆ ಪ್ರತಿಯೊಬ್ಬನೂ ಹೆಗಲ ಮೇಲಿನ ಟವೆಲ್ ತೆಗೆದು ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಸುತ್ತಿಕೊಂಡ. ಅದರ ಮೇಲೆ ಇಯರ್‌ಮಫ್ ಏರಿಸಿದ. ಒಬ್ಬನೂ ಬರಿಯ ಕಿವಿಗೆ ಹಾಕಲಿಲ್ಲ.

ಬಾಗಿಲ ಕಡೆ ಹೊರಟಿದ್ದ ಸುಕನ್ಯಾ ಗಕ್ಕನೆ ತಿರುಗಿದರು.

"ಮಸ್ತಾನಸಾಬ್! ಪಂಚರನ್ನ ನಿಲ್ಲಿಸ್ರಿ. ಒಂದು ಟವೆಲ್ ತರ್ರಿ!"

ಎರಡನೇ ಪರೀಕ್ಷೆ. ಮಸ್ತಾನಸಾಬನ ಬೋಳು ತಲೆಗೆ ಟವೆಲ್ ಸುತ್ತಿ ಅದರ ಮೇಲೆ ಇಯರ್‌ಮಫ್ ಹಾಕಿದರು. ಎಲಿವೇಟರ್ ಚಾಲೂ ಆಯಿತು. ಸುಕನ್ಯಾ ಈ ಸಲ ಮಾತು ಬದಲಿಸಿ ಕೂಗಿದರು:

"ಮಸ್ತಾನಸಾಬ್, ನಿಮ್ ಪ್ರಮೋಶನ್ ಆರ್ಡರ್ ಬಂದೈತಿ!"

ಮಸ್ತಾನಸಾಬ ಗರ್ರನೆ ತಿರುಗಿದ. "ಯಾವಾಗ್ರೀ ಮೇಡಂ?"

ಹಮಾಲರು ಬಿದ್ದು ಬಿದ್ದು ನಕ್ಕರು. ಲಾಲ್‌ಬೀ ಪೊರಕೆ ಎತ್ತಿ ಕುಣಿಸಿದಳು. "ನೋಡ್ರೀ, ನೋಡ್ರೀ, ಕೇಳಿಸ್ತು!" ಸುಕನ್ಯಾ ಇನ್ನೂ ಎರಡು ಸಲ ಬೇರೆ ಬೇರೆ ಮಾತು ಕೂಗಿದರು. ಎರಡನ್ನೂ ಮಸ್ತಾನಸಾಬ ತಪ್ಪದೆ ಹೇಳಿದ. ಪಂಚರು ಸಹಿ ಹಾಕಿದರು.

ನಗದೇ ಇದ್ದವನು ರಾಜೇಶ ಒಬ್ಬನೇ.

"ಅವತ್ತು ನಾ ಟವೆಲ್ ಕಟ್ಟಿರಲಿಲ್ರೀ," ಎಂದ.

"ದಿನಾ ಕಟ್ತಿ, ಅವತ್ತೊಂದು ದಿನ ಕಟ್ಟಲಿಲ್ಲ?"

"ಇಲ್ರೀ."

ಅದನ್ನು ಸುಳ್ಳು ಎನ್ನಲು ಸುಕನ್ಯಾರ ಬಳಿ ಏನೂ ಇರಲಿಲ್ಲ. ಊರು ಬಿಡಬಾರದೆಂದು ಹೇಳಿ, ಸ್ವಿಚ್ಚಿನ ಕೆಲಸದಿಂದ ಅವನನ್ನು ದೂರ ಇಡಲು ಮಾಲೀಕರಿಗೆ ತಿಳಿಸಿ ಹೊರಟರು. ದಾರಿಯಲ್ಲಿ ಕಾರ್ಖಾನೆಗಳ ಇಲಾಖೆಯ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದರು.

"ಆ ನಂಬರು ಲ್ಯಾಬಿನ್ಯಾಗ ಅಳದದ್ದು ಮೇಡಂ," ಎಂದರು ಅವರು. "ಅಲ್ಲಿ ಸರಿಯಾಗಿ ಕೂಡಿಸಿ, ಸುಮ್ನ ಕುಂದ್ರಿಸಿ ಅಳೀತಾರ. ಕೆಲಸದ ಜಾಗದಾಗ ಕನ್ನಡಕ ಇರ್ತೈತಿ, ಟವೆಲ್ ಇರ್ತೈತಿ, ಸೆಕಿಗೆ ಆಗಾಗ ಎತ್ತತಾರ. ಒಂದೀಟು ಸಂದಿ ಬಿದ್ರ ಸಾಕು, ಸದ್ದು ಒಳಗ ಬಂತು. ಎಷ್ಟು ಉಳೀತೈತಿ ಅಂತ ಅಲ್ಲೇ ಹೋಗಿ ಅಳೀಬೇಕು. ಡಬ್ಬಿ ನೋಡಿ ಹೇಳಾಕಾಗಲ್ಲ."

"ಅಂದ್ರ ಆ ಡಬ್ಬಿ ಮ್ಯಾಲಿನ ನಂಬರು ನನ್ ಒಬ್ಬನ ತಲಿಗಽ ಬರದಂಗ ಐತಿ," ಎಂದು ಮಸ್ತಾನಸಾಬ ಬೋಳು ತಲೆ ಸವರಿಕೊಂಡ.

ಆಸ್ಪತ್ರೆಯಲ್ಲಿ ಗಾಳೆಪ್ಪ ಹಾಸಿಗೆಯಲ್ಲಿ ಒರಗಿದ್ದ. ಸುಕನ್ಯಾ ಕೇಳಿದ ಮೊದಲ ಪ್ರಶ್ನೆಗೇ ಕಿವಿಗೆ ಕೈ ಹಿಡಿದ. "ಏನ್ರೀ? ಜೋರ್ ಹೇಳ್ರಿ!" ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಮೊದಲಿಂದ ಹಂಗಽ ರೀ, ಇವನ ಮಾತೇ ಚೀರಾಟ," ಎಂದಳು ಗದ್ದೆಮ್ಮ. "ಇಪ್ಪತ್ತು ವರ್ಷ ಮಿಲ್ಲಿನ್ಯಾಗ ಇದ್ದು ಕಿವಿ ಹೋಗ್ಯಾವ. ತಾನು ಕೆಪ್ಪ ಅನ್ನಾಂಗಿಲ್ಲ, ಮಂದಿಗೆ ಕೆಪ್ಪ ಅಂತಾನ."

"ಕಾಲಿಗೆ ಅರಿವಿ ಕಟ್ಟಿದವರು ಯಾರು?" ಎಂದು ಜೋರಾಗಿ ಕೇಳಿದರು ಸುಕನ್ಯಾ.

"ಕಣ್ಣು ಕತ್ತಲಿ ಬಂದಿತ್ರೀ, ಗೊತ್ತಿಲ್ಲ!"

ಗದ್ದೆಮ್ಮ ಮಂಚದ ಕೆಳಗಿನ ಕೈಚೀಲ ಎಳೆದಳು. "ಅಷ್ಟು ಬಿಗಿಯಾಗಿ ಕಟ್ಟಿರದಿದ್ರ ರಕ್ತ ಹೋಗಿ ಜೀವ ಉಳೀತಿರಲಿಲ್ಲ ಅಂದ್ರು ಡಾಕ್ಟರು. ಆ ಪುಣ್ಯಾತ್ಮ ಯಾರೋ. ತಿರುಗಿ ಕೊಡಬೇಕಂತ ಹಂಗಽ ಇಟ್ಟೀನಿ."

ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಒಣಗಿ ಗಟ್ಟಿಯಾದ ಟವೆಲ್ ಇತ್ತು. ಹಳದಿ ಅಂಚು, ಅಂಚಿನ ತುಂಬ ಕೆಂಪು ಹೂವು. ಕೆಲಸದ ಟವೆಲ್ ಅಲ್ಲ ಅದು, ಶುಭಕಾರ್ಯದಲ್ಲಿ ಆಯೇರಿಯೆಂದು ಉಡುಗೊರೆ ಕೊಡುವಂಥದ್ದು.

ಮುಕ್ಕಾಲು ಗಂಟೆಯಲ್ಲಿ ಅದು ಲಾಲ್‌ಬೀಯ ಎದುರಿಗಿತ್ತು. ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಇದು ರಾಜೇಶಂದಲ್ಲೇನ್ರೀ! ನಿಶ್ಚಯದಾಗ ಗುರುಗುಂಟಾದ ಬೀಗರು ಹೊದಿಸಿದ್ದು. ಲಗ್ನ ಮುರದ ಮ್ಯಾಲೂ ದಿನಾ ತಲಿಗೆ ಇದನ್ನಽ ಸುತ್ತತಿದ್ದ. ಸೋಮವಾರಾನೂ ಸುತ್ತಿದ್ದ. ನಾ ಬೆನ್ನಿಗೆ ಹೊಡೆದಾಗ ಇದರ ಚುಂಗು ಬಾರಿಗಿಗೆ ಸಿಕ್ಕಿತ್ತು."

"ಲಗ್ನ ಯಾಕ ಮುರೀತು?"

ಲಾಲ್‌ಬೀ ಅತ್ತಿತ್ತ ನೋಡಿದಳು. "ಹುಡುಗಿ ಅಪ್ಪ ವರನ ಕೆಲಸ ನೋಡಾಕ ಮಿಲ್ಲಿಗೆ ಬಂದಿದ್ರು. ಗಾಳೆಪ್ಪಣ್ಣ ಚಾಷ್ಟಿ ಮಾಡಿದ. 'ಅಳಿಯ ಕೆಪ್ಪ ಅದಾನ್ರೀ, ಮಗಳಿಗೆ ಕೈಸನ್ನಿ ಕಲಿಸ್ರಿ' ಅಂತ ಅಷ್ಟೂ ಮಂದಿ ಮುಂದ ಒದರಿದ. ಅವರು ಖರೇ ಅಂತ ತಿಳಕೊಂಡ್ರು."

"ರಾಜೇಶ ಎಲ್ಲಿ?"

ಅವನು ಆಗಲೇ ಮಿಲ್ಲಿನಲ್ಲಿ ಇರಲಿಲ್ಲ. ಫೋನ್ ಬಂದ್ ಆಗಿತ್ತು. ಮೂರೂವರೆಯ ಹೊತ್ತಿಗೆ ಜೀಪು ಮಸ್ಕಿಯ ರಸ್ತೆಯಲ್ಲಿ ಹಾರುತ್ತಿತ್ತು. ಭತ್ತದ ಗದ್ದೆಗಳು ಮುಗಿದು ಒಣಭೂಮಿ ಶುರುವಾಯಿತು. ಮಸ್ತಾನಸಾಬ ಎದುರಿನ ಸಲಾಕೆ ಹಿಡಿದುಕೊಂಡು ಕುಳಿತಿದ್ದ. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಅಂಗಡಿಯವನು ಫೋಟೋ ನೋಡಿ ಕೈ ತೋರಿಸಿದ: "ನಮ್ ಓಣ್ಯಾಂವಽ ರೀ. ಈಗಽ ಲಿಂಗಸುಗೂರು ಬಸ್ಸು ಹತ್ತಿದ. ಮನಿಗೆ ಹೋಗಲಿಲ್ಲ."

"ಲಿಂಗಸುಗೂರಿನಿಂದ ಗುರುಗುಂಟಾಕ್ಕ ಹೊಂಟಾನ," ಎಂದರು ಸುಕನ್ಯಾ. "ಬಿಡ್ರಿ ಗಾಡಿ!"

ಲಿಂಗಸುಗೂರಿನ ನಿಲ್ದಾಣದಲ್ಲಿ ಸಂಜೆಯ ಗದ್ದಲ. ಹಟ್ಟಿಯ ಗಣಿಯಿಂದ ಪಾಳಿ ಮುಗಿಸಿ ಬಂದವರು, ಕಂಡಕ್ಟರುಗಳ ಕೂಗು, ಬಸ್ಸುಗಳ ಹಾರ್ನು. ಗುರುಗುಂಟಾ ಬಸ್ಸಿನ ಬಾಗಿಲಲ್ಲಿ ನೂಕುವ ಮಂದಿಯ ಹಿಂದೆ ರಾಜೇಶ ಬೆನ್ನು ತಿರುಗಿಸಿ ನಿಂತಿದ್ದ. ಮಸ್ತಾನಸಾಬ ನುಗ್ಗಲು ಹೋದ. ಸುಕನ್ಯಾ ತಡೆದರು. ಮಂದಿಯ ನಡುವೆ ಸಾಗಿ, ಅವನಿಂದ ಒಂದು ಲಾರಿಯಷ್ಟು ದೂರದಲ್ಲಿ ನಿಂತು ಕರೆದರು.

"ರಾಜೇಶ."

ಹಾರ್ನಿನ ನಡುವೆ, ಕೂಗಿನ ನಡುವೆ, ಅವನು ತಿರುಗಿದ.

ಓಡಲಿಲ್ಲ. ಮಸ್ತಾನಸಾಬ ತೋಳು ಹಿಡಿದಾಗ ಬಿಡಿಸಿಕೊಳ್ಳಲಿಲ್ಲ. ದಸ್ತಗಿರಿಯ ಸಮಯ ಸಂಜೆ ಐದು ಹತ್ತು ಎಂದು ಬರೆದುಕೊಂಡರು. ಜೀಪಿನಲ್ಲಿ ಸುಕನ್ಯಾ ಟವೆಲ್ ಇದ್ದ ಚೀಲ ತೋರಿಸಿದರು.

"ಗುರುಗುಂಟಾಕ್ಕ ಯಾಕ ಹೊಂಟಿದ್ದಿ?"

"ಅವರ ಅಪ್ಪಗ ಒಂದು ಮಾತು ಹೇಳಾಕ. ನಾ ಕೆಪ್ಪಲ್ಲಂತ."

"ಕೂಗಿದ್ದು ಕೇಳಿಸ್ತು?"

"ಕೇಳಿಸ್ತು. ಚಾಲೂ ಮಾಡಿದಾಗ ಅವ ಕೆಳಗ ಅದಾನ ಅನ್ನೂದು ಗೊತ್ತಿರಲಿಲ್ರೀ, ದೇವರಾಣಿ. ಕೂಗಿದ ಕೂಡಲೇ ಕೈ ಸ್ವಿಚ್ ಮ್ಯಾಲ ಹೋಗಿತ್ತು. ಬಂದ್ ಮಾಡಾಂವಽ ಇದ್ದೆ. ಅಷ್ಟ್ರಾಗ ಅಂದ, 'ಲೇ ಕೆಪ್ಪಾ, ಬಂದ್ ಮಾಡೋ' ಅಂತ. ಜೀವ ಹೋಗಾಕತ್ತಾಗೂ ನನ್ನ ಹೆಸರು ಬರಲಿಲ್ಲ ಅವನ ಬಾಯಾಗ." ಅವನು ಕಿಟಕಿಯ ಕಡೆ ತಿರುಗಿದ. "ಕೆಪ್ಪಗ ಹ್ಯಾಂಗ ಕೇಳಸ್ತೈತಿ ಅಂತ ನಿಂತೆ. ಲಾಲ್‌ಬೀ ಹೊಡೆಯೂತನ ನಿಂತೆ. ಆಮ್ಯಾಲ ರಕ್ತ ನೋಡಿ... ಕೈಗೆ ಸಿಕ್ಕಿದ್ದು ಅದಽ ಟವೆಲ್."

ಮರುದಿನ ರಾಜೇಶನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಪ್ರಕರಣಕ್ಕೆ ಕೊಲೆ ಯತ್ನದ ಕಲಂ ಸೇರಿಸಲು ಕೋರಿದರು. ಗಾಯಕ್ಕೆ ಟವೆಲ್ ಕಟ್ಟಿದವನೂ ಅವನೇ ಎಂಬುದನ್ನು ಸುಕನ್ಯಾ ವರದಿಯಲ್ಲಿ ಬಿಡದೆ ಬರೆದರು. ಮಿಲ್ಲಿನಲ್ಲಿ ಟವೆಲ್ ಸುತ್ತಿದ ಎಲ್ಲರ ಕಿವಿ ತಪಾಸಣೆ ಆಗಬೇಕೆಂದು ಕಾರ್ಖಾನೆಗಳ ಇಲಾಖೆಗೂ ಪತ್ರ ಹೋಯಿತು.

ಕೋರ್ಟಿನಿಂದ ಅವರು ನೇರವಾಗಿ ಆಸ್ಪತ್ರೆಗೆ ಬಂದರು.

"ಗದ್ದೆಮ್ಮ, ನಿನ್ ಗಂಡ ಕೂಗಿದ್ದು ಖರೆ. ಅವಗ ಕೇಳಿಸಿತ್ತು. ಒಪ್ಪಿಕೊಂಡಾನ."

ಗದ್ದೆಮ್ಮ ಗಂಡನ ಕಿವಿಗೆ ಬಾಯಿ ಹಚ್ಚಿ ಜೋರಾಗಿ ಹೇಳಿದಳು: "ಅವಗ ಕೇಳಿಸಿತ್ತಂತ! ನೀ ಸುಳ್ಳ ಅಲ್ಲಂತ!"

ಗಾಳೆಪ್ಪನ ಮುಖ ಅರಳಿತು. ಆಮೇಲೆ ಅವನಿಗೆ ಏನೋ ನೆನಪಾಯಿತು. ಮೊದಲ ಬಾರಿಗೆ ದನಿ ತಗ್ಗಿಸಿ ಕೇಳಿದ:

"ನಾ ಏನಂತ ಕೂಗಿದೆ, ಅದನ್ನೂ ಹೇಳ್ಯಾನೇನ್ರೀ?"

"ಹೇಳ್ಯಾನ," ಎಂದರು ಸುಕನ್ಯಾ.

ಅವನು ಮತ್ತೆ ಜೋರಾಗಿ ಹೇಳಿರಿ ಎನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡ.