ಉದುರುವ ನಕ್ಷತ್ರಗಳ ಅಚ್ಚು

ಲೋಕ ಮುಳುಗುವ ಚಿತ್ರ ಬರೆದ ಮೇಸ್ತ್ರಿ, ಲೋಕ ಮುಳುಗುವುದಕ್ಕೆ ಕಾಯದೆ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದ. ಅವನ ಹೆಂಡತಿ ಅಪೊಲೋನಿಯಾ ನ್ಯೂರೆಂಬರ್ಗಿನ ಸಂತೆಕಟ್ಟೆಯಲ್ಲಿ ಕೂತು ಅವನು ಬಿಟ್ಟುಹೋದ ಮರದಚ್ಚಿನಿಂದ ಒತ್ತಿದ ಆ ಚಿತ್ರದ ಹಾಳೆಗಳನ್ನು ಮಾರುತ್ತಿದ್ದಳು. ಅದರಲ್ಲಿ ಆಕಾಶ ಚಾಪೆಯಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ನಕ್ಷತ್ರಗಳು ಉದುರುತ್ತಿದ್ದವು, ರಾಜರೂ ಬಿಷಪ್ಪರೂ ಬಂಡೆಯ ಸಂದಿಗೆ ತೂರಿಕೊಳ್ಳುತ್ತಿದ್ದರು. ಬಿಷಪ್ಪನ ಪೇಚು ನೋಡಲಿಕ್ಕೆಂದೇ ಜನ ಮುಗಿಬಿದ್ದು ಕೊಳ್ಳುತ್ತಿದ್ದರು.

ಎದುರಿನ ಕಟ್ಟೆಯಲ್ಲಿ ಇಸ್ಪೀಟೆಲೆ ಮಾರುತ್ತಿದ್ದ ಜೋಬ್ಸ್ಟನಿಗೆ ಇದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಆ ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ಮರದಚ್ಚು ಕೊರೆದವನು ಅವನು. ಕೊರೆದದ್ದಾದರೂ ಏನು? ಹುಲ್ಲು, ಮೋಡ. "ನಿನ್ನ ಕೈ ಮುಖಕ್ಕಾಗಲ್ಲ ಕಣೋ" ಎನ್ನುತ್ತಲೇ ಮೇಸ್ತ್ರಿ ಕೊನೆಗೆ ಮನೆಗೆ ಕಳಿಸಿದ್ದ. ಅದರ ಮರುವರ್ಷವೇ ಈ ಹಾಳೆ ಬಂದದ್ದು.

ಮೇಸ್ತ್ರಿ ಸತ್ತ ಮೇಲೆ, ಆ 'ಮರುವರ್ಷ'ದ ಲೆಕ್ಕದಲ್ಲೇ ಜೋಬ್ಸ್ಟನಿಗೆ ದಾರಿ ಹೊಳೆಯಿತು. ಅಂಥದ್ದೇ ಒಂದು ಅಚ್ಚು ಕೊರೆಯುವುದು. ಇದು ನಾನು ಅಲ್ಲಿದ್ದಾಗಲೇ ಮಾಡಿದ್ದು, ಮೇಸ್ತ್ರಿ ನನ್ನನ್ನು ಓಡಿಸಿ ಇದನ್ನೇ ನಕಲು ಹೊಡೆದ ಎಂದು ನಗರಸಭೆಗೆ ದೂರು ಕೊಡುವುದು. ಮೇಸ್ತ್ರಿ ಗೋರಿಯಿಂದೆದ್ದು ಬಂದು ಅಲ್ಲ ಎನ್ನುವಂತಿರಲಿಲ್ಲ. ಗೆದ್ದರೆ ಹಾಳೆ ತನ್ನದು, ಅಪೊಲೋನಿಯಾಳ ಕಟ್ಟೆ ಖಾಲಿ. ಸೋತರೆ ಸುಳ್ಳುಗಾರನೆಂದು ಊರಿನಿಂದಲೇ ಹೊರಗಟ್ಟುತ್ತಾರೆ. ಆದರೆ ಸೋಲುವ ಮಾತೇ ಅವನ ತಲೆಯಲ್ಲಿರಲಿಲ್ಲ.

ಹಾಳೆಯನ್ನು ಅವಳಿಂದಲೇ ಕೊಂಡ.

"ಏನಪ್ಪಾ ಜೋಬ್ಸ್ಟ್, ನಿನಗೂ ಪಾಪದ ಭಯ ಹಿಡೀತಾ?"

"ವಯಸ್ಸಾಯ್ತಲ್ಲಮ್ಮಾ."

ಮಸಿ ಇನ್ನೂ ಆರಿರದ ಹಾಳೆಯನ್ನು ಮನೆಗೆ ತಂದು, ಬೇರಿಕಾಯಿ ಮರದ ಹಳೇ ಹಲಗೆಯ ಮೇಲೆ ಮುಖ ಕೆಳಗಾಗಿ ಅಂಟಿಸಿದ. ಬೆನ್ನಿಗೆ ಅಗಸೆ ಎಣ್ಣೆ ಸವರಿದಾಗ ಗೆರೆಗಳೆಲ್ಲ ನಿಚ್ಚಳವಾಗಿ ಎದ್ದು ಬಂದವು. ಅಚ್ಚನ್ನು ತಿರುಗುಮುರುಗಾಗಿ ಕೊರೆದರೇ ಹಾಳೆಯಲ್ಲಿ ಚಿತ್ರ ನೇರ ಬರುವುದು; ಎಡ ಬಲವಾಗಿ ಸಿಕ್ಕಿಬೀಳುವ ದಡ್ಡ ಅವನಲ್ಲ. ಬಿಳಿ ಇದ್ದಲ್ಲೆಲ್ಲ ಮರ ತೆಗೆದು, ಕಪ್ಪನ್ನಷ್ಟೇ ಉಳಿಸುತ್ತ ಏಳು ವಾರ ಕೊರೆದ. ಕಂಡ ಒಂದು ಗೆರೆಯನ್ನೂ ಬಿಡಲಿಲ್ಲ, ತನ್ನದೊಂದನ್ನೂ ಸೇರಿಸಲಿಲ್ಲ. ಬಿಷಪ್ಪನ ಮುಖ ಮುಗಿದ ದಿನ ಅವನ ಕಣ್ಣಲ್ಲಿ ನೀರು ಬಂತು. ಮುಖ ಕೊರೆಯಲು ಬರುತ್ತಿತ್ತು ಅವನಿಗೆ, ಕೇಳುವವರಿರಲಿಲ್ಲ ಅಷ್ಟೆ. ಆಮೇಲೆ ಮಸಿ ಬಳಿದು ತೊಳೆದು, ಅಂಚು ಜಜ್ಜಿ, ಒಲೆಯ ಮೇಲೆ ಹಂದಿಮಾಂಸದ ಪಕ್ಕದಲ್ಲೇ ಹೊಗೆಗೆ ತೂಗುಹಾಕಿದ. ತಿಂಗಳಲ್ಲಿ ಅಚ್ಚಿಗೆ ಹತ್ತು ವರ್ಷ ವಯಸ್ಸಾಯಿತು.

ದೂರಿನ ವಿಚಾರಣೆಯ ಬೆಳಿಗ್ಗೆ ನಗರಸಭೆಯ ಹಿರಿಯ ಹಾರ್ಟ್ವಿಗ್ ಎರಡೂ ಅಚ್ಚಿನ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಕಣ್ಣು ಕಿರಿದು ಮಾಡಿದರು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲವಲ್ಲ!"

"ಇರೋದಕ್ಕೆ ಹೇಗೆ ಸಾಧ್ಯ ಸ್ವಾಮಿ? ಕದ್ದಿದ್ದು ಅಷ್ಟು ಅಚ್ಚುಕಟ್ಟಾಗಿ" ಎಂದ ಜೋಬ್ಸ್ಟ್, ಸತ್ತವನ ಮೇಲೆ ತುಸು ಕನಿಕರ ತೋರಿಸುತ್ತ.

ಅಪೊಲೋನಿಯಾ ತನ್ನ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಒಂದೇ ಒಂದು ಕೇಳ್ತೀನಿ. ಆ ಕಪ್ಪು ಮೋಡದೊಳಗೆ ಒಂಬತ್ತು ಸಣ್ಣ ಬಿಳಿ ಚುಕ್ಕಿ ಇವೆಯಲ್ಲಪ್ಪ, ಏನವು?"

ಇಂಥ ಪ್ರಶ್ನೆಗೇ ಕಾದಿದ್ದವನಂತೆ ಜೋಬ್ಸ್ಟ್ ಎದೆಯುಬ್ಬಿಸಿದ. "ದೂರದ ನಕ್ಷತ್ರಗಳಮ್ಮಾ. ದೊಡ್ಡವು ಹತ್ತಿರ ಉದುರ್ತವೆ, ಸಣ್ಣವು ಆಚೆ. ಒಂದೊಂದನ್ನೂ ಚಾಕು ತುದಿಯಲ್ಲಿ ದುಂಡಗೆ ತಿರುವಿದ್ದೀನಿ. ನಿಮ್ಮ ಯಜಮಾನರಿಗೆ ಇಂಥದ್ದೆಲ್ಲ ಹೊಳೀತಿರಲಿಲ್ಲ ಬಿಡಿ." ಅವಳು ಹೌದೆಂಬಂತೆ ತಲೆಯಾಡಿಸಿ, ಅಚ್ಚನ್ನು ಬೋರಲು ಹಿಡಿದು ಹಾರ್ಟ್ವಿಗ್ಗರ ಮೇಜಿನ ಮೇಲೆ ಮೆಲ್ಲಗೆ ಕುಟ್ಟಿದಳು. ಮೋಡದ ಒಂಬತ್ತು ತೂತುಗಳಿಂದ ಹಳದಿ ಮರದ ಹುಡಿ ಉದುರಿತು, ಅದರ ಜೊತೆಗೆ ಒಂದು ಬಿಳಿ ಹುಳ. "ಯಜಮಾನರು ಹೋದ ಮೇಲೆ ಹತ್ತಿದ್ದು ಸ್ವಾಮಿ, ಹೋದ ಚಳಿಗಾಲದಲ್ಲಿ" ಎಂದು ಹಿರಿಯರಿಗೆ ಹೇಳಿ, ಅವಳು ಜೋಬ್ಸ್ಟನ ಕಡೆ ತಿರುಗಿದಳು. "ಯಾಕಪ್ಪಾ, ಇದಕ್ಕೂ ಕೊರೆಯೋದು ನೀನೇ ಕಲಿಸಿದ್ಯಾ?"