ಹಂಝ ಮಾಮನ ಪೆಟ್ಟಿಗೆಯ ಕೆಕ್ಯೂ

"ಮಾಮ, ಕಾಲು ತೆಗೀರಿ! ಕೆಕ್ಯೂ ಮೇಲೆ ನಿಂತಿದ್ದೀರಿ!"

ಹಂಝ ಮಾಮ ಬೆಚ್ಚಿ ಹಾರಿದರು. ಎಷ್ಟು ಎತ್ತರ ಹಾರಿದರೆಂದರೆ, ದುಬೈಯ ಕರಾಮದ ಆ ಫ್ಲ್ಯಾಟಿಗೆ ಸೀಲಿಂಗ್ ಇಲ್ಲದಿದ್ದರೆ ಟಿಕೆಟ್ ಇಲ್ಲದೆಯೇ ಮಂಗಳೂರು ಸೇರುತ್ತಿದ್ದರು.

ಕಾಲಡಿ ಇದ್ದದ್ದು ಹಾವೂ ಅಲ್ಲ, ಚೇಳೂ ಅಲ್ಲ. ಕಂದು ಕಾಗದ ಸುತ್ತಿದ ಒಂದು ಕಟ್ಟು. ಅಂಥವು ಹಾಲ್‌ನಲ್ಲಿ ಒಟ್ಟು ಆರು. ದುಬೈಯಿಂದ ಒಬ್ಬರು ಊರಿಗೆ ಹೊರಟರೆ ಸಾಕು, ಗುರುತಿನವರೆಲ್ಲ ಒಂದೊಂದು ಕಟ್ಟು ತಂದು ಕೊಡುತ್ತಾರೆ. ಮಾಮನ ದೊಡ್ಡ ಪೆಟ್ಟಿಗೆಯಲ್ಲಿ ಮಾಮನ ಬಟ್ಟೆಗೆ ಉಳಿದದ್ದು ಕರ್ಚೀಫಿನಷ್ಟು ಜಾಗ!

ಕಟ್ಟು ಸುತ್ತಿ ಹೆಸರು ಬರೆಯುವ ಕೆಲಸ ಐದನೇ ಕ್ಲಾಸಿನ ಜಸೀಲಳದ್ದು. ಅವಳ ಸ್ಪೀಡು ಹೇಗಿತ್ತೆಂದರೆ, ಮಾರ್ಕರ್ ಪೆನ್ನಿನಿಂದ ಹೊಗೆ ಬರುವುದೊಂದು ಬಾಕಿ. ಆದರೆ ಅವಳು ಬರೆದದ್ದು ಹೆಸರಲ್ಲ, ಒಂದೆರಡು ಇಂಗ್ಲಿಷ್ ಅಕ್ಷರ. ಒಂದರ ಮೇಲೆ ಕೆಕ್ಯೂ, ಇನ್ನೊಂದರ ಮೇಲೆ ಎಕ್ಸ್‌ಟಿ, ಮತ್ತೊಂದರ ಮೇಲೆ ಬರೀ ಜೆ.

"ಎಂತ ಮಾರಾಯ್ತಿ ಇದು? ಕಾರಿನ ನಂಬರಾ?"

"ಟಿಕರ್ ಸಿಂಬಲ್ ಮಾಮ! ನೀವು ಟೀವಿಯಲ್ಲಿ ನೋಡ್ತೀರಲ್ಲ, ಕೆಳಗೆ ಷೇರಿನ ಹಸಿರು, ಕೆಂಪು ಅಕ್ಷರ ಓಡ್ತದಲ್ಲ, ಅದು."

ಮಾಮ ಅದನ್ನು ದಿನಾ ನೋಡುತ್ತಿದ್ದರು. ಅವರ ಹತ್ತಿರ ಅರ್ಧ ಷೇರೂ ಇರಲಿಲ್ಲ. ಆದರೂ ರೇಟು ಇಳಿದು ಕೆಂಪು ಓಡಿದಾಗ ಅವರು ಬಿಡುತ್ತಿದ್ದ ನಿಟ್ಟುಸಿರಿಗೆ ಕಿಟಕಿಯ ಪರದೆ ಹಾರುತ್ತಿತ್ತು.

"ಒಲಿಂಡಾ ಮಿಸ್ ನಿನ್ನೆ ಹೇಳಿದ್ರು," ಎಂದಳು ಜಸೀಲ. "ಹಿಂದೆ ಅಮೆರಿಕದಲ್ಲಿ ಷೇರಿನ ರೇಟನ್ನು ತಂತಿಯಲ್ಲಿ ಕಳಿಸ್ತಿದ್ರಂತೆ, ಒಂದೊಂದೇ ಅಕ್ಷರ. ಕಂಪನಿಯ ಹೆಸರೋ, ರೈಲಿನಷ್ಟು ಉದ್ದ! ಅದನ್ನು ಕಳಿಸಿ ಮುಗಿಸುವಾಗ ರೇಟೇ ಚೇಂಜ್! ಅದಕ್ಕೆ ತಂತಿಯವರು ಹೆಸರನ್ನೇ ಗಿಡ್ಡ ಮಾಡಿದ್ರು. ಆಮೇಲೆ ಒಂದು ಮಶೀನ್ ಬಂತು. ಕಾಗದದ ಪಟ್ಟಿ ಮೇಲೆ ಟಿಕ್ ಟಿಕ್ ಅಂತ ಪ್ರಿಂಟ್ ಮಾಡ್ತಿತ್ತು. ಸೋ, ಟಿಕರ್!"

"ಓಹೋ. ಈ ಒಂಟಿ ಜೆ ಯಾರದ್ದು?"

"ನನ್ನದು, ಊರಿನ ಫ್ರೆಂಡ್ ಮೆಹರುನ್ನಿಸಳಿಗೆ ಕಳಿಸುವ ಗೊಂಬೆ. ಜಾಸ್ತಿ ವ್ಯಾಪಾರ ಆಗುವ ಬ್ಯುಸಿ ಕಂಪನಿಗೆ ಒಂದೇ ಅಕ್ಷರ ಕೊಡ್ತಿದ್ರಂತೆ. ಫೋರ್ಡಿಗೆ ಈಗಲೂ ಬರೀ ಎಫ್."

"ನೀನು ಅಷ್ಟು ಬ್ಯುಸಿಯಾ?"

"ವೆರಿ ಬ್ಯುಸಿ."

"ಆಯ್ತು ಮಹಾರಾಣಿ. ಕೆಕ್ಯೂ ಯಾರದ್ದಂತ ಊರಿನಲ್ಲಿ ನನಗೆ ಹೇಗೆ ಗೊತ್ತಾಗುವುದು?"

"ಲಿಸ್ಟ್ ಉಂಟಲ್ಲ!" ಜಸೀಲ ಎಡಗೈ ಬಿಡಿಸಿ ತೋರಿಸಿದಳು.

ಅಂಗೈ ಮರುಭೂಮಿಯಷ್ಟು ಬೋಳಾಗಿತ್ತು. ಶುಕ್ರವಾರದ ನೆಯ್‌ಚೋರು, ಆ ತುಪ್ಪದ ಅನ್ನ, ಉಂಡು, ತಟ್ಟೆ ತೊಳೆದು, ಸೋಪು ಹಚ್ಚಿ ಉಜ್ಜಿದ ಕೈ ಅದು. ಹೆಸರು ಬರೆದಿದ್ದ ಹಳೆಯ ಕವರುಗಳೂ ಕಸದ ಜೊತೆ ಹೋಗಿದ್ದವು. ನೆನಪು ಮಾಡಿಕೊಳ್ಳಲು ಅವಳು ಕಣ್ಣು ಮುಚ್ಚಿದಳು. ಜೆ ಒಂದು ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ. ಉಳಿದ ಅಕ್ಷರಗಳನ್ನು ಅವಳು ಹೆಸರು ನೋಡಿ ಅಲ್ಲ, ಸ್ಟೈಲ್ ನೋಡಿ ಇಟ್ಟಿದ್ದಳು.

"ಟ್ಯಾಕ್ಸಿ ನಾಲ್ಕಕ್ಕೆ!" ಮಾಮನ ಸ್ವರಕ್ಕೆ ಪಕ್ಕದ ಬಿಲ್ಡಿಂಗಿನ ಪಾರಿವಾಳಗಳೂ ಎದ್ದು ಹೋದವು. "ಈಗ ಮೂರೂವರೆ!"

ಅಡುಗೆಮನೆಯಿಂದ ಜಸೀಲಳ ತಾಯಿ, ಉಮ್ಮ, ಬಂದರು. ಬಂದವರೇ ಕಸ್ಟಮ್ಸ್ ಆಫೀಸರ್ ಆದರು. ಒಂದೊಂದೇ ಕಟ್ಟನ್ನು ಒತ್ತಿದರು, ಅಲ್ಲಾಡಿಸಿದರು, ಮೂಸಿದರು.

"ಇದು ಶರ್ಮಿಳಾ ಆಂಟಿಯದ್ದು. ಸೋಪು. ಇದು ಲಿಯೊನೆಲ್ ಅಂಕಲ್ದು, ಖರ್ಜೂರ. ಇದು ಮಾರ್ಟಿನಾಳ ಹಾಲಿನ ಪುಡಿ..."

ಹತ್ತು ನಿಮಿಷದಲ್ಲಿ ನಾಲ್ಕಕ್ಕೆ ಹೆಸರು ಸಿಕ್ಕಿತು. ಕಟ್ಟು ಕೊಟ್ಟವರಲ್ಲಿ ಇನ್ನು ಉಳಿದವರು ನಿಝಾಮ್ ಕಾಕ ಒಬ್ಬರೇ, ಕೆಕ್ಯೂ ಅವರದ್ದೇ ಆಗಿರಬೇಕು. ಅಷ್ಟರಲ್ಲಿ ಅವರೇ ಬೀಳ್ಕೊಡಲು ದೂರದ ಜೆಬೆಲ್ ಅಲಿಯಿಂದ ಬಂದರು. ಕಟ್ಟು ನೋಡಿದರು. ನಗುತ್ತಿದ್ದ ಮುಖ ಸಣ್ಣದಾಯಿತು.

"ಹೆಸರು ಇಲ್ವಾ ಮಗಾ?"

"ಅದು ನಿಮ್ಮದೇ ಕಾಕ. ಮಾಮನಿಗೆ ಈಗ ಗೊತ್ತುಂಟು."

"ಹಂಝನಿಗೆ ಗೊತ್ತಿದ್ದರೆ ಸಾಲದು. ನನ್ನ ಉಮ್ಮ, ಆಚುಮ್ಮ, ಅವರು ನಂಬಬೇಕಲ್ಲ! ಹೋದ ಸಲ ಕಂಪನಿಯಲ್ಲಿ ಇಂಗ್ಲಿಷ್ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿದ್ದೆ. 'ಇದು ನನ್ನ ಮಗನದ್ದಲ್ಲ' ಅಂತ ಪಕ್ಕದ ಮನೆಗೆ ಕೊಟ್ಟುಬಿಟ್ರು. ಆ ಮನೆಯವರು ಚಾಕಲೇಟು ತಿಂದು ಥ್ಯಾಂಕ್ಸ್ ಅಂತ ನನಗೇ ಫೋನ್ ಮಾಡಿದ್ರು."

"ಮನೆಯಲ್ಲಿ ಓದಿ ಹೇಳ್ಲಿಕ್ಕೆ ಮಕ್ಕಳು ಇಲ್ವಾ?" ಎಂದಳು ಜಸೀಲ.

"ಒಂಬತ್ತು ಮೊಮ್ಮಕ್ಕಳು. ಒಂಬತ್ತೂ 'ಇದು ನನಗೆ' ಅಂತಲೇ ಓದ್ತಾವೆ! ಉಮ್ಮ ಯಾರನ್ನೂ ನಂಬುವುದಿಲ್ಲ. ಈ ಸಲ ಮೊಣಕಾಲಿನ ಬೆಲ್ಟ್ ಉಂಟು. ಅದೂ ಪಕ್ಕದ ಮನೆಗೆ ಹೋದರೆ ಅವರು ನಡೆಯುವುದು ಹೇಗೆ?"

"ಆಚುಮ್ಮನಿಗೆ ಓದ್ಲಿಕ್ಕೆ ಬರ್ತದಾ?"

"ಅಕ್ಷರ ಒಂದೂ ಬರುವುದಿಲ್ಲ. ನನ್ನ ಹೆಸರು ಮಾತ್ರ ಗೊತ್ತು. ಒಂದನೇ ಕ್ಲಾಸಿನಲ್ಲಿ ಇದ್ದಿಲು ಹಿಡಿದು ಮನೆಯ ಗೋಡೆ ಪೂರಾ ಬರೆದಿದ್ದೆ. ಪೆಟ್ಟು ಕೊಟ್ಟು ಕೊಟ್ಟು ಅದರ ಆಕಾರ ಅವರಿಗೆ ಬಾಯಿಪಾಠ ಆಯ್ತು."

ಕಾಕ ಮಾರ್ಕರ್ ತೆಗೆದುಕೊಂಡು ಕಟ್ಟಿನ ಒಂದು ಮಗ್ಗುಲಲ್ಲಿ ಕನ್ನಡದಲ್ಲಿ ಬರೆದರು: ನಿಝಾಮ್.

ಜಸೀಲ ಅದನ್ನೇ ನೋಡಿದಳು. ದುಬೈ ಸ್ಕೂಲಿನಲ್ಲಿ ಓದುವ ಅವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಆ ಮಧ್ಯದ್ದಂತೂ ಅಕ್ಷರವೋ ಮೆಹಂದಿ ಚಿತ್ತಾರವೋ! ಅಕ್ಷರ ಓದಲು ಬಾರದ ಆಚುಮ್ಮ ಊರಿನ ಬಾಗಿಲಲ್ಲಿ ಕೂತು, ಕಟ್ಟು ತಿರುಗಿಸಿ ತಿರುಗಿಸಿ ಇದೇ ಚಿತ್ತಾರ ಹುಡುಕುವುದು ಅವಳ ಕಣ್ಣಿಗೆ ಕಟ್ಟಿತು.

"ಪೆನ್ ಕೊಡಿ ಕಾಕ."

ಕಟ್ಟಿಗೆ ಆರು ಮಗ್ಗುಲು. ಉಳಿದ ಐದನ್ನೂ ಅವಳೇ ಬರೆಯಲು ಕೂತಳು. ನಾಲಗೆ ಹೊರಗೆ, ಮೂಗು ಕಾಗದದ ಮೇಲೆ. ಮೊದಲ ಝಾ ಒಂಟೆಯಂತೆ ಬಂತು, ಎರಡನೆಯದು ಕುಳಿತ ಒಂಟೆಯಂತೆ. ಮೂರನೆಯದಕ್ಕೆ ಕಾಕ, "ಹಾಂ, ಈಗ ಉಮ್ಮ ಬೈಯುವ ಹಾಗೆ ಉಂಟು," ಎಂದರು.

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು.

"ಯಲ್ಲಾ, ಬೇಗ ಜಸೀಲ! ಒಂದು ಕಡೆ ಬರೆದರೆ ಸಾಲದಾ?"

"ಎರಡೇ ಉಂಟು ಮಾಮ."

"ಗಿಡ್ಡ ಮಾಡಿ ಬರಿ ಮಾರಾಯ್ತಿ!"

ಜಸೀಲ ತಲೆ ಎತ್ತಲಿಲ್ಲ. ಹಾರ್ನ್ ಮತ್ತೆ ಕೂಗಿತು. ಅವಳು ಕೊನೆಯ ಮ್‌ಗೆ ನಿಧಾನವಾಗಿ ಬಾಲ ಎಳೆದಳು. ಮಾಮ ಕಟ್ಟಿಗೆ ಕೈ ಹಾಕಿದಾಗ, "ಮುಟ್ಟಬೇಡಿ, ಒರೆಸಿ ಹೋಗ್ತದೆ," ಎಂದು ಅದರ ಮೇಲೆ ಬಗ್ಗಿ, ಶಾಯಿ ಒಣಗುವವರೆಗೆ ಉಫ್ ಉಫ್ ಎಂದು ಊದಿದಳು.